ಪರದೇಶಕ್ಕೆ ಹಣರವಾನೆ: ಒಂದು ವಿವೇಚನೆ

ವಿದ್ಯಾರ್ಜನೆಗಾಗಿ ಕಡಲಾಚೆಗೆ ತೆರಳುವ ತರುಣ ತರುಣಿಯರು ಇಂದು ನಗರಗಳಲ್ಲಿ ಮಾತ್ರವಲ್ಲದೆ ಗ್ರಾಮಗಳಲ್ಲಿಯೂ ಕಾಣಸಿಗುತ್ತಾರೆ. ಹೊಲವನ್ನು ಅಡವಿಟ್ಟು, ಒಡವೆಯನ್ನು ಮಾರಿ, ಸಾಲವನ್ನು ತಂದು ಕೂಡಿಸಿದ ಹಣವನ್ನು ಇಲ್ಲಿಯ ಬ್ಯಾಂಕಿನ ಖಾತೆಯಿಂದ ಅಲ್ಲಿಯ ಖಾತೆಗೆ ಮುಟ್ಟಿಸುವ ಹೊಣೆ ತಂದೆತಾಯಿಗಳದು. ಹೀಗೆ ಕಳುಹಿಸಿದ ಹಣ ದಾರಿಯಲ್ಲಿ ಕರಗಿದರೆ ಅಥವಾ ಪರರ ಪಾಲಾದರೆ ಆಗುವ ಹಾನಿ ಕೇವಲ ಹಣದ್ದಾಗಿರದೆ ಒಂದು ಕುಟುಂಬದ ಸಂಕಲ್ಪದ್ದೂ ಆಗಿರುತ್ತದೆ. ಆದುದರಿಂದ ಈ ವ್ಯವಹಾರದ ಸ್ವರೂಪವನ್ನು ತಿಳಿದುಕೊಳ್ಳುವುದು ಉಪಯುಕ್ತವೆನಿಸೀತು.

ಹುಂಡಿಯ ಪರಂಪರೆ

ಹುಂಡಿ ಎಂದೊಡನೆ ಇಂದು ದೇವಾಲಯದ ಕಾಣಿಕೆಯ ಪೆಟ್ಟಿಗೆ ನೆನಪಾಗುತ್ತದೆ. ಆದರೆ ವರ್ತಕರ ಪರಿಭಾಷೆಯಲ್ಲಿ ಹುಂಡಿ ಎಂದರೆ ಹಣ ಕೊಡುವಂತೆ ದೂರದ ಊರಿನ ಸಾಹುಕಾರನಿಗೆ ಬರೆದ ಪತ್ರ. ಕಂಡೊಡನೆ ಹಣ ತೆರಬೇಕಾದುದು ದರ್ಶನಿ ಹುಂಡಿ. ನಿಯತ ಅವಧಿಯ ಅನಂತರ ತೆರಬೇಕಾದುದು ಮುದ್ದತಿ ಹುಂಡಿ. ನಾಣ್ಯದ ಥೈಲಿಯನ್ನು ಹೊತ್ತು ಕಳ್ಳಕಾಕರ ಭಯದಲ್ಲಿ ಸಂಚರಿಸುವ ಬದಲು ವರ್ತಕನು ಒಂದು ಕಾಗದವನ್ನು ಒಯ್ಯುತ್ತಿದ್ದನು. ನಾಟುಕೋಟೆ ಚೆಟ್ಟಿಯಾರರು ಬರ್ಮಾ, ಸಿಂಹಳ, ಮಲಯ ದೇಶಗಳವರೆಗೂ ಈ ಪದ್ಧತಿಯನ್ನು ವಿಸ್ತರಿಸಿದ್ದರು. ಕನ್ನಡ ನಾಡಿನ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘವನ್ನು ಹೆಸರಿಸುವ ಕ್ರಿ.ಶ. 1088ರ ತಮಿಳು ಶಾಸನವೊಂದು ಸುಮಾತ್ರದ ಬಾರುಸ್ ಬಳಿ ದೊರೆತಿರುವುದನ್ನು ನೆನೆದರೆ, ಕಡಲಾಚೆಯ ವ್ಯವಹಾರ ನಮ್ಮವರಿಗೆ ಹೊಸದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಹುಂಡಿಯ ತತ್ತ್ವ ಒಂದೇ: ಹಣ ಚಲಿಸದು, ಬರಹ ಚಲಿಸುತ್ತದೆ. ಇಂದಿನ ಬ್ಯಾಂಕುಗಳ ರವಾನೆಯೂ ಇದೇ ತತ್ತ್ವದ ಮೇಲೆ ನಿಂತಿದೆ.

ರವಾನೆಯ ಕ್ರಮ

ನಮ್ಮ ಬ್ಯಾಂಕುಗಳು ವಿದೇಶದ ಬ್ಯಾಂಕುಗಳಲ್ಲಿ ಆಯಾ ದೇಶದ ನಾಣ್ಯದಲ್ಲಿ ಖಾತೆಗಳನ್ನು ಇಟ್ಟಿರುತ್ತವೆ. ಇಂತಹ ಖಾತೆಗೆ ನಾಸ್ಟ್ರೋ ಎಂದು ಹೆಸರು. ಇಟಾಲಿಯನ್ ಭಾಷೆಯಲ್ಲಿ ಇದರ ಅರ್ಥ ‘ನಮ್ಮದು’. ಕಳುಹಿಸುವವನ ಖಾತೆಯಿಂದ ಇಲ್ಲಿ ರೂಪಾಯಿಗಳು ಕಳೆಯಲ್ಪಡುತ್ತವೆ. ಅಲ್ಲಿ ನಾಸ್ಟ್ರೋ ಖಾತೆಯಿಂದ ಯೂರೋ ಅಥವಾ ಡಾಲರು ಕಳೆದು ಪಡೆಯುವವನ ಖಾತೆಗೆ ಜಮೆಯಾಗುತ್ತದೆ. ಈ ಎರಡು ಕ್ರಿಯೆಗಳನ್ನು ಬೆಸೆಯುವುದು ಒಂದು ಸಂದೇಶ. ಸಂದೇಶಗಳನ್ನು ಒಯ್ಯುವ ಸ್ವಿಫ್ಟ್ ಸಂಸ್ಥೆ 1973ರಲ್ಲಿ ಬೆಲ್ಜಿಯಂನಲ್ಲಿ ಸ್ಥಾಪಿತವಾಗಿ 1977ರಲ್ಲಿ ಕಾರ್ಯಾರಂಭ ಮಾಡಿತು. ಅದು ಹಣವನ್ನು ಮುಟ್ಟುವುದೇ ಇಲ್ಲ. ಅದರ ಕೆಲಸ ಓಲೆಕಾರನದು. ಎರಡು ಬ್ಯಾಂಕುಗಳ ನಡುವೆ ನೇರ ಸಂಬಂಧವಿಲ್ಲದಿದ್ದರೆ ಮಧ್ಯವರ್ತಿ ಬ್ಯಾಂಕೊಂದು ಸೇತುವೆಯಾಗುತ್ತದೆ ಮತ್ತು ತನ್ನ ಶುಲ್ಕವನ್ನೂ ಪಡೆಯುತ್ತದೆ.

ಕಾನೂನಿನ ಚೌಕಟ್ಟು

ವಿದೇಶೀ ವಿನಿಮಯದ ಮೇಲಿನ ನಿಯಂತ್ರಣ ನಮ್ಮಲ್ಲಿ ಎರಡನೆಯ ಮಹಾಯುದ್ಧದ ಆರಂಭದಲ್ಲಿ, 1939ರಲ್ಲಿ, ಬಂದಿತು. ಅನಂತರ 1947ರ ಕಾಯಿದೆಯೂ ಅದಕ್ಕಿಂತ ಕಠಿಣವಾದ 1973ರ ಕಾಯಿದೆಯೂ ಜಾರಿಯಾದವು. ಉಲ್ಲಂಘನೆಗೆ ಸೆರೆವಾಸದ ವಿಧಿಯೂ ಇತ್ತು. 1999ರಲ್ಲಿ ಅಂಗೀಕೃತವಾಗಿ 2000ದ ಜೂನ್ 1ರಂದು ಜಾರಿಗೆ ಬಂದ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆ ದೃಷ್ಟಿಯನ್ನೇ ಬದಲಿಸಿತು. 2004ರ ಫೆಬ್ರವರಿ 4ರಂದು ರಿಸರ್ವ್ ಬ್ಯಾಂಕು ಉದಾರೀಕೃತ ಹಣರವಾನೆ ಯೋಜನೆಯನ್ನು ಆರಂಭಿಸಿದಾಗ ವರ್ಷಕ್ಕೆ 25,000 ಡಾಲರುಗಳ ಮಿತಿಯಿತ್ತು. ಅದು 2007ರಲ್ಲಿ 2,00,000ಕ್ಕೆ ಏರಿ, ರೂಪಾಯಿ ಕುಸಿದ 2013ರಲ್ಲಿ 75,000ಕ್ಕೆ ಇಳಿದು, 2015ರಲ್ಲಿ 2,50,000 ಡಾಲರುಗಳಾಯಿತು. ಈ ಮಿತಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷಕ್ಕೆ ಅನ್ವಯಿಸುತ್ತದೆ. ವಿಶ್ವವಿದ್ಯಾಲಯದ ಅಂದಾಜು ಪತ್ರವಿದ್ದರೆ ಶಿಕ್ಷಣಕ್ಕಾಗಿ ಇದನ್ನು ಮೀರಲೂ ಅವಕಾಶವುಂಟು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಯೋಜನೆ ಭಾರತದಲ್ಲಿ ನೆಲೆಸಿದ ವ್ಯಕ್ತಿಗಳಿಗೆ ಮಾತ್ರ ಮೀಸಲು. ಸಂಘ, ಟ್ರಸ್ಟು, ಕಂಪನಿಗಳಿಗೆ ಸಲ್ಲದು.

ರವಾನೆಗೆ ಪ್ಯಾನ್ ಸಂಖ್ಯೆ ಕಡ್ಡಾಯ. ಎ2 ಎಂಬ ನಮೂನೆಯಲ್ಲಿ ಹಣ ಕಳುಹಿಸುವ ಉದ್ದೇಶವನ್ನು ನಿಜವಾಗಿ ಘೋಷಿಸಬೇಕು. ಇನ್ನು 2020ರ ಅಕ್ಟೋಬರಿನಿಂದ ನಿಗದಿತ ಮೊತ್ತವನ್ನು ಮೀರಿದ ರವಾನೆಯ ಮೇಲೆ ಬ್ಯಾಂಕು ಮೂಲದಲ್ಲಿಯೇ ತೆರಿಗೆಯನ್ನು ಸಂಗ್ರಹಿಸುತ್ತದೆ. ಈ ಮೊತ್ತವನ್ನು 2025ರ ಏಪ್ರಿಲ್ 1ರಿಂದ 7 ಲಕ್ಷದಿಂದ 10 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಅಂದಿನಿಂದಲೇ ಮಾನ್ಯ ಸಂಸ್ಥೆಗಳಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ ವಿನಾಯಿತಿಯೂ ದೊರೆಯಿತು. ಅನೇಕರು ಇದನ್ನು ಬ್ಯಾಂಕಿನ ಶುಲ್ಕವೆಂದು ಭಾವಿಸಿ ಮರೆತುಬಿಡುವುದುಂಟು. ವಾಸ್ತವವಾಗಿ ಇದು ಮುಂಗಡ ತೆರಿಗೆಯಂತೆ. ಆದಾಯ ತೆರಿಗೆಯ ವಿವರಣ ಪತ್ರವನ್ನು ಸಲ್ಲಿಸಿದರೆ ಲೆಕ್ಕಕ್ಕೆ ಹೊಂದುತ್ತದೆ, ಹೆಚ್ಚಾದುದು ಹಿಂದಿರುಗುತ್ತದೆ.

ಒಂದು ನಿದರ್ಶನ

ಹಾವೇರಿ ಕಡೆಯ ಒಕ್ಕಲಿಗನೊಬ್ಬನ ಮಗಳು ಜರ್ಮನಿಯಲ್ಲಿ ಉನ್ನತ ವ್ಯಾಸಂಗಕ್ಕೆ ಪ್ರವೇಶ ಪಡೆದಳೆಂದು ಕಲ್ಪಿಸಿಕೊಳ್ಳೋಣ. ವೀಸಾ ಬೇಡುವ ವಿದ್ಯಾರ್ಥಿ ತನ್ನ ಜೀವನವೆಚ್ಚಕ್ಕೆ ಹಣವಿದೆಯೆಂದು ತೋರಿಸಲು ನಿರ್ಬಂಧಿತ ಖಾತೆಯೊಂದರಲ್ಲಿ ಹಣವಿಡುವುದು ಅಲ್ಲಿಯ ರೂಢಿ. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತ ವರ್ಷಕ್ಕೆ 11,904 ಯೂರೋ ಎಂದು ನಿಗದಿಯಾಯಿತು. ತಿಂಗಳಿಗೆ 992 ಯೂರೋ ಮಾತ್ರ ಹೊರತೆಗೆಯಬಹುದು. ಈ ಹಣವನ್ನು ಕಳುಹಿಸುವ ತಂದೆ ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು.

ಮೊದಲನೆಯದು ವಿನಿಮಯ ದರ. ಪತ್ರಿಕೆಗಳಲ್ಲಿ ಕಾಣುವ ದರಕ್ಕೂ ಬ್ಯಾಂಕು ಯೂರೋ ಮಾರುವ ದರಕ್ಕೂ ಅಂತರವಿರುತ್ತದೆ. ಯೂರೋ ಒಂದಕ್ಕೆ ಒಂದೇ ರೂಪಾಯಿ ಹೆಚ್ಚು ತೆತ್ತರೂ ಈ ಮೊತ್ತಕ್ಕೆ 11,904 ರೂಪಾಯಿ ಹೆಚ್ಚಾಗುತ್ತದೆ. ಶುಲ್ಕ ಕಡಿಮೆಯೆಂದು ಜಾಹೀರು ಮಾಡಿ ದರದಲ್ಲಿ ಲಾಭವನ್ನು ಅಡಗಿಸುವುದುಂಟು. ಆದುದರಿಂದ ‘ಇಷ್ಟು ಯೂರೋ ಅಲ್ಲಿ ಮುಟ್ಟಲು ಒಟ್ಟು ಎಷ್ಟು ರೂಪಾಯಿ’ ಎಂಬ ಒಂದೇ ಪ್ರಶ್ನೆಯನ್ನು ಎರಡು ಮೂರು ಕಡೆ ಕೇಳಿ ಹೋಲಿಸಬೇಕು.

ಎರಡನೆಯದು ಶುಲ್ಕದ ಹೊಣೆ. ಸಂದೇಶದಲ್ಲಿ ‘ಅವರ್’ ಎಂದಿದ್ದರೆ ಎಲ್ಲ ಶುಲ್ಕವೂ ಕಳುಹಿಸುವವನದು. ‘ಷೇರ್ಡ್’ ಎಂದಿದ್ದರೆ ಇಲ್ಲಿಯ ಬ್ಯಾಂಕಿನದನ್ನು ಹೊರತುಪಡಿಸಿ ಉಳಿದುದು ದಾರಿಯಲ್ಲಿ ಕಡಿತವಾಗುತ್ತದೆ. ಮಧ್ಯವರ್ತಿಯು 20 ಯೂರೋ ಕಳೆದುಕೊಂಡರೆ 11,884 ಮಾತ್ರ ಮುಟ್ಟುತ್ತದೆ. ಅಲ್ಪವೆಂದು ತೋರುವ ಈ ಕೊರತೆಯಿಂದ ಖಾತೆ ಪೂರ್ಣವಾಗದೆ ವೀಸಾ ತಡವಾಗಬಹುದು.

ಮೂರನೆಯದು ಮತ್ತು ಮುಖ್ಯವಾದುದು ಅಕ್ಷರಶುದ್ಧಿ. ಸ್ವಿಫ್ಟ್ ಸಂಕೇತದಲ್ಲಿ 8 ಅಥವಾ 11 ಅಕ್ಷರಗಳು: ಮೊದಲ ನಾಲ್ಕು ಬ್ಯಾಂಕನ್ನು, ಮುಂದಿನ ಎರಡು ದೇಶವನ್ನು, ಮತ್ತೆರಡು ಸ್ಥಳವನ್ನು, ಕೊನೆಯ ಮೂರು ಇದ್ದರೆ ಶಾಖೆಯನ್ನು ಸೂಚಿಸುತ್ತವೆ. ಜರ್ಮನಿಯ ಖಾತೆಗೆ ಐಬಾನ್ ಎಂಬ 22 ಅಕ್ಷರಗಳ ಸಂಖ್ಯೆಯುಂಟು. ಅದರಲ್ಲಿ ದೇಶದ ಎರಡು ಅಕ್ಷರಗಳ ಬಳಿಕ ಬರುವ ಎರಡು ಅಂಕಗಳು ಪರೀಕ್ಷಾಂಕಗಳು. ಕಂದಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೆ ಛಂದಸ್ಸೇ ಆ ತಪ್ಪನ್ನು ಹಿಡಿದುಕೊಡುವಂತೆ, ಒಂದು ಅಂಕ ತಪ್ಪಿದರೆ ಈ ಪರೀಕ್ಷಾಂಕಗಳು ದೋಷವನ್ನು ತೋರಿಸುತ್ತವೆ. ಆದರೆ ಛಂದಸ್ಸು ಶುದ್ಧವಾಗಿದ್ದ ಮಾತ್ರಕ್ಕೆ ಪದ್ಯದ ಅರ್ಥ ಶುದ್ಧವೆನ್ನಲಾಗದು. ಬೇರೊಬ್ಬನ ಸರಿಯಾದ ಖಾತೆಯ ಸಂಖ್ಯೆಯನ್ನು ಬರೆದರೆ ಪರೀಕ್ಷಾಂಕಗಳು ಮೌನವಾಗಿರುತ್ತವೆ. ವಂಚಕರು ಪ್ರವೇಶ ಪಡೆಯುವುದು ಈ ಬಾಗಿಲಿನಿಂದಲೇ. ‘ನಮ್ಮ ಖಾತೆ ಬದಲಾಗಿದೆ, ಶುಲ್ಕವನ್ನು ಇಲ್ಲಿಗೆ ಕಳುಹಿಸಿರಿ’ ಎಂದು ವಿದ್ಯಾಸಂಸ್ಥೆಯ ಹೆಸರಿನಲ್ಲಿ ಮಿಂಚಂಚೆ ಬಂದರೆ, ಅದಕ್ಕೆ ಉತ್ತರಿಸದೆ, ಮೊದಲೇ ತಿಳಿದಿದ್ದ ದೂರವಾಣಿಯ ಮೂಲಕ ವಿಚಾರಿಸಿಯೇ ಮುಂದುವರಿಯಬೇಕು.

ಹೆಸರಿನ ವಿಷಯದಲ್ಲಿ ಕನ್ನಡಿಗರಿಗೆ ವಿಶೇಷವಾದ ತೊಡಕೊಂದುಂಟು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರುಗಳು ಒಮ್ಮೆ ಮೊದಲಕ್ಷರಗಳಾಗಿ, ಒಮ್ಮೆ ಪೂರ್ಣವಾಗಿ, ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರುತ್ತವೆ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಪ್ಯಾನಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಬಗೆಯ ಇಂಗ್ಲಿಷ್ ಕಾಗುಣಿತವಿದ್ದರೆ ವಿದೇಶದ ಬ್ಯಾಂಕು ಸಂಶಯಪಟ್ಟು ಹಣವನ್ನು ಹಿಂದಿರುಗಿಸಬಹುದು. ಹಾಗೆ ಹಿಂದಿರುಗುವ ಹಣವನ್ನು ಬ್ಯಾಂಕು ಕೊಳ್ಳುವ ದರದಲ್ಲಿ ಮತ್ತೆ ರೂಪಾಯಿ ಮಾಡುವುದರಿಂದ ನಷ್ಟ ಇಮ್ಮಡಿಯಾಗುತ್ತದೆ. ಪ್ರವೇಶ ಪುಸ್ತಕದಲ್ಲಿ ಮಗುವಿನ ಹೆಸರನ್ನು ಮೊದಲ ಬಾರಿಗೆ ಬರೆಯುವ ಶಾಲೆಯ ಗುಮಾಸ್ತನೂ ಉಪಾಧ್ಯಾಯನೂ ಹದಿನೈದು ಇಪ್ಪತ್ತು ವರ್ಷಗಳ ಅನಂತರದ ಈ ಸಂದೇಶದ ಮೊದಲ ಲಿಪಿಕಾರರೇ ಆಗಿದ್ದಾರೆ.

ವಾಮಮಾರ್ಗದ ಅಪಾಯ

ಶುಲ್ಕವನ್ನು ಉಳಿಸಲೆಂದು ಕೆಲವರು ಹವಾಲಾ ಮಾರ್ಗವನ್ನು ಹಿಡಿಯುವುದುಂಟು. ಹುಂಡಿಯ ಸೋದರನಂತೆ ತೋರಿದರೂ ಇಂದು ಅದು ನ್ಯಾಯಬಾಹಿರ. ಕಾಯಿದೆಯ 13ನೆಯ ಪ್ರಕರಣದಂತೆ ವ್ಯವಹಾರದ ಮೊತ್ತದ ಮೂರರಷ್ಟರವರೆಗೆ ದಂಡ ವಿಧಿಸಬಹುದು. ಅದಕ್ಕಿಂತ ಮಿಗಿಲಾಗಿ, ಹಣ ಮುಟ್ಟದಿದ್ದರೆ ಕೇಳಲು ರಸೀತಿಯಾಗಲಿ ದಾಖಲೆಯಾಗಲಿ ಇರುವುದಿಲ್ಲ. ಬ್ಯಾಂಕಿನ ರವಾನೆಗಾದರೋ ಪ್ರತ್ಯೇಕ ಗುರುತುಸಂಖ್ಯೆಯುಂಟು. ಹಣ ಎಲ್ಲಿ ನಿಂತಿದೆಯೆಂದು ಅದರಿಂದ ಪತ್ತೆಹಚ್ಚಬಹುದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಈ ಸಂದೇಶಕ್ಕೂ ಸಲ್ಲುತ್ತದೆ. ಪಡೆದವನ ಖಾತೆಗೆ ಒಮ್ಮೆ ಜಮೆಯಾದ ಹಣವನ್ನು ಅವನ ಒಪ್ಪಿಗೆಯಿಲ್ಲದೆ ಮರಳಿ ಪಡೆಯುವುದು ಬಲು ದುಸ್ತರ. ಸಹಿ ಹಾಕುವ ಮುನ್ನ ಹೆಸರು, ಸಂಖ್ಯೆ, ಸಂಕೇತ, ಉದ್ದೇಶ, ಶುಲ್ಕದ ಹೊಣೆ ಎಂಬ ಐದನ್ನು ಗಟ್ಟಿಯಾಗಿ ಓದಿ, ಮತ್ತೊಬ್ಬರಿಂದ ಓದಿಸಿ ತಾಳೆನೋಡುವುದು ಲೇಸು. ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಅರ್ಜಿ ಬರೆಯುವ ಪಾಠದೊಂದಿಗೆ ಇಂತಹ ನಮೂನೆಯನ್ನು ತುಂಬುವ ಅಭ್ಯಾಸವನ್ನೂ ಮಾಡಿಸಿದರೆ, ಓದು ಬರಹ ಬಾರದ ಎಷ್ಟೋ ತಂದೆತಾಯಿಗಳಿಗೆ ಅವರ ಮಕ್ಕಳೇ ಆಸರೆಯಾದಾರು.