ಲಂಡನ್–ಪ್ಯಾರಿಸ್: ದೂರ, ಹಾರಾಟದ ಅವಧಿ, ಕಾಲವಲಯ

1. ನೇರ (ಮಹಾವೃತ್ತ) ದೂರ: ಸುಮಾರು 344 ಕಿ.ಮೀ., ಅಂದರೆ 186 ನಾಟಿಕಲ್ ಮೈಲು. 1 ನಾಟಿಕಲ್ ಮೈಲು = 1.852 ಕಿ.ಮೀ.

2. ವಿಮಾನದ ಅವಧಿ: ವೇಳಾಪಟ್ಟಿಯಲ್ಲಿ ಸುಮಾರು 1 ಗಂಟೆ 20 ನಿಮಿಷ. ಇದರಲ್ಲಿ ರನ್‌ವೇವರೆಗಿನ ಓಡಾಟವೂ ಸೇರಿದೆ. ಆಕಾಶದಲ್ಲಿರುವುದು ಒಂದು ಗಂಟೆಗಿಂತ ಕಡಿಮೆ.

3. ಕಾಲವಲಯ (ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಇಲ್ಲೇ): ಪ್ಯಾರಿಸ್ 1 ಗಂಟೆ ಮುಂದೆ.
• ಲಂಡನ್ ಬಿಡುವುದು 10:00 → ಪ್ಯಾರಿಸ್ ತಲುಪುವುದು 12:20
• ಪ್ಯಾರಿಸ್ ಬಿಡುವುದು 10:00 → ಲಂಡನ್ ತಲುಪುವುದು 10:20
• ಬೇಸಿಗೆ ಸಮಯ ಎರಡೂ ಕಡೆ ಒಂದೇ ದಿನ (ಮಾರ್ಚ್‌ನ ಕೊನೆಯ ಭಾನುವಾರ) ಶುರು. ಆದ್ದರಿಂದ ವ್ಯತ್ಯಾಸ ವರ್ಷವಿಡೀ ಅಷ್ಟೇ.
• ಪ್ಯಾರಿಸ್ ಇರುವುದು ಸುಮಾರು 2°20' ಪೂರ್ವ ರೇಖಾಂಶದಲ್ಲಿ. 15°ಗೆ 1 ಗಂಟೆ ಎಂಬ ಲೆಕ್ಕದಲ್ಲಿ ಅಂತರ 10 ನಿಮಿಷವೂ ಆಗದು. ಆದರೆ 1940ರಲ್ಲಿ ಜರ್ಮನ್ ಆಕ್ರಮಣದ ವೇಳೆ ಪ್ಯಾರಿಸ್‌ನ ಗಡಿಯಾರ 1 ಗಂಟೆ ಮುಂದಾಯಿತು, ಯುದ್ಧಾನಂತರವೂ ಹಾಗೇ ಉಳಿಯಿತು.

4. ರೈಲು: ಯೂರೋಸ್ಟಾರ್, ಸುಮಾರು 2 ಗಂಟೆ 20 ನಿಮಿಷ. ಇದು ಸಾಗುವ ಚಾನೆಲ್ ಸುರಂಗದ ಉದ್ಘಾಟನೆ: 6 ಮೇ 1994.

ಗೊಂದಲ ಬೇಡ: ಒಟ್ಟು ಉದ್ದದಲ್ಲಿ ಜಪಾನಿನ ಸೈಕನ್ ಸುರಂಗ (53.85 ಕಿ.ಮೀ.) ಚಾನೆಲ್‌ಗಿಂತ (50.45) ದೊಡ್ಡದು, ಸಮುದ್ರದಡಿಯ ಭಾಗದಲ್ಲಿ ಮಾತ್ರ ಚಾನೆಲ್ಲೇ (37.9) ಮುಂದು.