ಬಾಗಿಲ ಬಳಿ ನಿಂತ ಮಾತ್ರಕ್ಕೆ

ಇಲಿಮರಿಯ ಮಿದುಳಿನ ಹಿಪೊಕ್ಯಾಂಪಸ್ ಭಾಗದಿಂದ ತೆಗೆದ ನರಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಕೂದಲಿಗಿಂತ ಸಪೂರವಾದ ಪಿಪೆಟ್ ತಾಗಿಸಿ ಅವುಗಳ ವಿದ್ಯುತ್ತನ್ನು ಅಳೆಯುವುದು ನನ್ನ ಕೆಲಸ. ಕತ್ತಲೆ ಕೋಣೆಯಲ್ಲಿ ಕೂತು ಹದಿನೈದು ವರ್ಷವಾಯಿತು. ಒಂದು ಕೋಶ ಪಕ್ಕದ ಕೋಶಕ್ಕೆ ರಾಸಾಯನಿಕ ಕಳಿಸಲು ಎಷ್ಟು ಗುಳ್ಳೆಗಳನ್ನು ಸಜ್ಜಾಗಿ ಇಟ್ಟುಕೊಂಡಿದೆ ಎಂಬುದೊಂದೇ ನನ್ನ ಪ್ರಶ್ನೆ. ಲ್ಯಾಬಿಗೆ ಹೊಸದಾಗಿ ಬಂದವರಿಗೆ ಬಾಯಲ್ಲಿ ಹೇಳುತ್ತಿದ್ದುದನ್ನು ಈಗ ಬರೆದಿಡುತ್ತಿದ್ದೇನೆ.

1. ಬಾಗಿಲಿಗೆ ಬಂದದ್ದೆಲ್ಲ ಹೊರಟಿತು ಎನ್ನಬೇಡಿ.

ನಾವು ವೆಸಿಕಲ್ ಎನ್ನುವ ಈ ಗುಳ್ಳೆ ಸುಮಾರು 40 ನ್ಯಾನೋಮೀಟರ್ ಅಗಲ. ಎರಡು ಕೋಶಗಳು ಸಂಧಿಸುವ ಸಣ್ಣ ಸಿನಾಪ್ಸ್ ಒಂದರಲ್ಲಿ ಇಂಥವು ಇನ್ನೂರರಷ್ಟಿದ್ದರೂ, ಕರೆದ ಕೂಡಲೇ ಒಡೆದು ಸರಕು ಸುರಿಯುವವು ಬೆರಳೆಣಿಕೆಯಷ್ಟು. ಗುಳ್ಳೆಯ ಮೇಲಿನ ಸಿನಾಪ್ಟೋಬ್ರೆವಿನ್, ಕೋಶದ ಪೊರೆಯಲ್ಲಿರುವ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಎಂಬ ಪ್ರೋಟೀನುಗಳು ಹಗ್ಗದ ಎಳೆಗಳಂತೆ ಅರೆಬರೆ ಹೊಸೆದುಕೊಂಡು ನಿಂತರೆ ಗುಳ್ಳೆ ಸಜ್ಜಾಯಿತು. ಕ್ಯಾಲ್ಸಿಯಂ ನುಗ್ಗಿದಾಗ ಉಳಿದರ್ಧವೂ ಬಿಗಿಯುತ್ತದೆ. ಮುದುಡಿ ಕೂತ ಸಿಂಟ್ಯಾಕ್ಸಿನ್ ಅನ್ನು ಬಿಡಿಸಿ ಹೊಸೆತಕ್ಕೆ ಎಳೆಯುವುದು ಮಂಕ್-13 ಎಂಬ ಇನ್ನೊಂದು ಪ್ರೋಟೀನು.

ಮಂಕ್-13ರ ಎರಡು ಮುಖ್ಯ ಬಗೆಗಳೂ ಇಲ್ಲದಂತೆ ಮಾಡಿದ ಇಲಿಗಳ ಹಿಪೊಕ್ಯಾಂಪಸ್ ನರಕೋಶಗಳಲ್ಲಿ ಬಿಡುಗಡೆ ಪೂರ್ತಿ ನಿಂತಿತ್ತು. ವಿಚಿತ್ರವೆಂದರೆ, ಕೋಶಗಳನ್ನು ರಾಸಾಯನಿಕದಲ್ಲಿ ಅದ್ದಿ ತೆಗೆದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರಗಳಲ್ಲಿ ಗುಳ್ಳೆಗಳು ಪೊರೆಯ ಬಳಿಯೇ ಸಾಲಾಗಿದ್ದವು. ಆಮೇಲೆ ಭಾರಿ ಒತ್ತಡದಲ್ಲಿ ಥಟ್ಟನೆ ಹೆಪ್ಪುಗಟ್ಟಿಸುವ ವಿಧಾನ ಬಳಸಿದಾಗ ಅವು ಕೆಲವೇ ನ್ಯಾನೋಮೀಟರ್ ಹಿಂದೆ ನಿಂತಿರುವುದು ಗೊತ್ತಾಯಿತು. ಹಾಗಾಗಿ ಯಾರಾದರೂ ಚಿತ್ರ ತೋರಿಸಿ ‘ಇಗೋ, ಸಿದ್ಧ’ ಎಂದರೆ, ಅದನ್ನು ಹೇಗೆ ತೆಗೆದಿರಿ ಎಂದು ನಾನು ಮೊದಲು ಕೇಳುತ್ತೇನೆ.

2. ಸಕ್ಕರೆ ಸುರಿದ ಮೇಲೆ ಕಾಯಿರಿ.

ನಮ್ಮ ಅಳತೆಗೋಲು ಸಕ್ಕರೆ ನೀರು. ತಮಾಷೆಯಲ್ಲ. 500 ಮಿಲಿಮೋಲಾರ್ ಸುಕ್ರೋಸ್ ಅನ್ನು ಕೆಲವು ಸೆಕೆಂಡು ಸುರಿದರೆ ಕ್ಯಾಲ್ಸಿಯಂನ ಹಂಗಿಲ್ಲದೆ ಸಜ್ಜಾದ ಗುಳ್ಳೆಗಳೆಲ್ಲ ಖಾಲಿಯಾಗುತ್ತವೆ. 1996ರಲ್ಲಿ ರೋಸೆನ್‌ಮುಂಡ್ ಮತ್ತು ಸ್ಟೀವನ್ಸ್ ಇದನ್ನು ಲೆಕ್ಕದ ಸಾಧನವಾಗಿ ಬಳಸಿ ತೋರಿಸಿದರು. ಮೊದಲ ವರ್ಷ ನಾನು ಹದಿನೈದು ಸೆಕೆಂಡಿಗೊಮ್ಮೆ ಸುರಿಯುತ್ತಿದ್ದೆ. ಪ್ರತಿಕ್ರಿಯೆ ಕುಗ್ಗುತ್ತ ಹೋಯಿತು. ಪರೀಕ್ಷಿಸುತ್ತಿದ್ದ ಔಷಧಿಯದೇ ಪ್ರಭಾವ ಎಂದು ಹಿಗ್ಗಿ ಮೂರು ವಾರ ಗ್ರಾಫ್ ಬರೆದೆ. ಔಷಧಿ ಹಾಕದ ತಟ್ಟೆಯಲ್ಲೂ ಹಾಗೇ ಕುಗ್ಗಿದಾಗ ಮುಖ ಸಪ್ಪಗಾಯಿತು. ಖಾಲಿಯಾದ ಜಾಗ ಮತ್ತೆ ತುಂಬಲು ಹತ್ತಾರು ಸೆಕೆಂಡು ಬೇಕು. ಈಗ ಒಂದು ನಿಮಿಷಕ್ಕೆ ಕಡಿಮೆ ಕಾಯುವುದೇ ಇಲ್ಲ.

3. ಬಿಚ್ಚುವ ಕೆಲಸವೂ ತಯಾರಿಯೇ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಒಂದು ಹಣ್ಣಿನ ನೊಣ. 1976ರಲ್ಲಿ ಒಬೈದ್ ಸಿದ್ದಿಕಿ ಮತ್ತು ಸೀಮೂರ್ ಬೆಂಜರ್, ಬಿಸಿ ತಾಗಿದರೆ ಮೈ ಮರಗಟ್ಟಿ ಬೀಳುವ ಕೆಲವು ನೊಣತಳಿಗಳ ಬಗ್ಗೆ ಬರೆದರು. ಅವುಗಳಲ್ಲಿ ಒಂದರ ಹೆಸರು ಕೊಮಟೋಸ್. ತಣ್ಣಗಾದರೂ ಬೇಗ ಏಳದು. (ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದ ಸಿದ್ದಿಕಿ ಇವರೇ.) ಸುಮಾರು ಇಪ್ಪತ್ತು ವರ್ಷದ ನಂತರ ಕೊಮಟೋಸ್ ತಳಿಯಲ್ಲಿ ಕೆಟ್ಟಿದ್ದ ಜೀನ್ ಯಾವುದೆಂದು ತಿಳಿಯಿತು. ಹೊಸೆದ ಎಳೆಗಳನ್ನು ಕೋಶದ ಇಂಧನವಾದ ಎಟಿಪಿ ಖರ್ಚುಮಾಡಿ ಬಿಚ್ಚುವ ಎನ್‌ಎಸ್‌ಎಫ್ ಎಂಬ ಪ್ರೋಟೀನಿನದು. ಬಿಚ್ಚದೆ ಹೋದರೆ ಮುಂದಿನ ಗುಳ್ಳೆಗೆ ಹೊಸೆಯಲು ಎಳೆ ಎಲ್ಲಿಂದ ಬರಬೇಕು? ಬಿಸಿಗೆ ಬಿದ್ದ ಆ ನೊಣಗಳ ನರತುದಿಯಲ್ಲಿ ಗುಳ್ಳೆಗಳು ಬಾಗಿಲ ಬಳಿ ಗುಂಪುಗೂಡಿ, ಹೊರಡಲಾರದೆ ನಿಂತಿದ್ದವು.

ನಮ್ಮ ಕೋಣೆಯ ಎಸಿ ಏಪ್ರಿಲ್‌ನಲ್ಲಿ ಕೈಕೊಟ್ಟ ವಾರದ ಅಂಕಿಗಳನ್ನು ನಾನು ಎಸೆದದ್ದು ಈ ನೊಣ ನೆನಪಾಗಿಯೇ. ಇಲಿಯ ಕೋಶ ಹಾಗೆ ಮೂರ್ಛೆ ಹೋಗದು, ನಿಜ. ಆದರೆ ಮತ್ತೆ ತುಂಬುವ ವೇಗ ಉಷ್ಣಾಂಶದೊಂದಿಗೆ ಬದಲಾಗುತ್ತದೆ.

4. ಎಣಿಕೆ ಬೇರೆ, ಗಾತ್ರ ಬೇರೆ.

ತಾನಾಗಿ ಒಡೆಯುವ ಒಂದೊಂದು ಗುಳ್ಳೆಯ ಸದ್ದನ್ನು ನಾವು ‘ಮಿನಿ’ ಎನ್ನುತ್ತೇವೆ. 1950ರ ದಶಕದಲ್ಲಿ ಬರ್ನಾರ್ಡ್ ಕಾಟ್ಜ್ ಬಳಗ ಕಪ್ಪೆಯ ಸ್ನಾಯುವಿನಲ್ಲಿ ಕಂಡದ್ದು ಇದನ್ನೇ. ಮಿನಿ ಅಪರೂಪವಾದರೆ ಸಜ್ಜುಗೊಳಿಸುವ ಕಡೆ ಮೊದಲು ನೋಡಿ. ಗಿಡ್ಡವಾದರೆ ಗುಳ್ಳೆಗೆ ಸರಕು ತುಂಬಿಸುವ ಕಡೆ ಅನುಮಾನಪಡಿ, ಕೇಳುವ ಕೋಶದ ಗ್ರಾಹಕಗಳನ್ನೂ ಮರೆಯಬೇಡಿ. ತುಂಬಿಸುವುದು ಪ್ರೋಟಾನ್ ಪಂಪಿನ ಬಲದಿಂದ. ಬ್ಯಾಫಿಲೊಮೈಸಿನ್ ಹಾಕಿ ಪಂಪ್ ನಿಲ್ಲಿಸಿದರೂ ಬರಿದಾದ ಗುಳ್ಳೆಗಳು ಒಡೆಯುತ್ತವೆ, ಮರಳಿ ಒಳಬರುತ್ತವೆ. ನಮ್ಮ ಪಿಪೆಟ್‌ಗೆ ಮಾತ್ರ ಏನೂ ಕೇಳಿಸದು.

5. ನೋಟ್‌ಬುಕ್ಕಿನಲ್ಲಿ ಮೂರು ಅಂಕಿ.

ದ್ರಾವಣದ ಉಷ್ಣಾಂಶ, ಎರಡು ಸಕ್ಕರೆ ಸುರಿತಗಳ ನಡುವಿನ ಸೆಕೆಂಡುಗಳು, ಕೋಶಗಳನ್ನು ತಟ್ಟೆಗೆ ಹಾಕಿ ಎಷ್ಟು ದಿನವಾಯಿತು ಎಂಬುದು. ಇವಿಲ್ಲದ ಪುಟವನ್ನು ದಯವಿಟ್ಟು ನನ್ನ ಮೇಜಿಗೆ ತರಬೇಡಿ.