ಗಾಡಿಗೂ ಉತಾರ ಬೇಕು

ತಮ್ಮಾ, ಹಳೇ ಗಾಡಿಯ ಹುಚ್ಚು ಕೆಟ್ಟದ್ದೆಂದು ನಾನು ಎಂದೂ ಹೇಳಿದವನಲ್ಲ. ಅಣ್ಣಿಗೇರಿಯ ಹತ್ತಿ ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತ ಫಿಯೆಟ್ಟು, ಕಲಘಟಗಿ ಕಡೆಯ ಯಾವುದೋ ಹಿತ್ತಲಲ್ಲಿ ಬಳ್ಳಿ ಹಬ್ಬಿಸಿಕೊಂಡ ವಿಲ್ಲಿಸ್ ಜೀಪು, ಇಂಥವು ಗುಜರಿಗೆ ಬೀಳದೆ ಉಳಿದದ್ದು ನಿನ್ನಂಥ ಹುಚ್ಚರಿಂದಲೇ. ನನ್ನ ತಕರಾರು ಬೇರೆ. ಗಾಡಿ ಸಿಕ್ಕ ಮರುದಿನವೇ ನೀವು ಮಾಡುವ ಮೊದಲ ಕೆಲಸ ಬಣ್ಣ ಕೆರೆಸುವುದು. ಎರಡನೆಯದು ಫೋನು ಹಿಡಿದು ರೀಲು ಮಾಡುವುದು. ಅದು ಯಾರದಾಗಿತ್ತು, ಅವರಿಗಿಂತ ಮುಂಚೆ ಯಾರದು, ನಿನ್ನ ಅಂಗಳಕ್ಕೆ ಬರುವವರೆಗೆ ಎಷ್ಟು ಕೈ ದಾಟಿತು ಎಂದು ಕೇಳುವುದು ಕೊನೆಗೆ. ಎಷ್ಟೋ ಸಲ ಕೇಳುವುದೇ ಇಲ್ಲ.

ಹೊಲ ಕೊಳ್ಳುವಾಗ ನಿಮ್ಮಪ್ಪ ಹೀಗೆ ಮಾಡುತ್ತಾನೇನು? ಉತಾರ, ಅಂದರೆ ಪಹಣಿ, ತೆಗೆಸುತ್ತಾನೆ. ಡೈರಿ ಯಾವ ವರ್ಷ ಬಿದ್ದಿದೆ, ವಾರಸಾ ಸರಿಯಾಗಿದೆಯೋ, ಅಣ್ಣತಮ್ಮಂದಿರ ವಾಟ್ನಿ ಮುಗಿದಿದೆಯೋ, ಸೊಸೈಟಿ ಸಾಲದ ಬೋಜಾ ಕೂತಿದೆಯೋ ಎಲ್ಲ ನೋಡುತ್ತಾನೆ. ಆಮೇಲಷ್ಟೇ ಮಣ್ಣು ಮುಟ್ಟಿ ನೋಡುವುದು. ಗಾಡಿಗೂ ಅಂಥದೇ ಒಂದು ಉತಾರ ಇರುತ್ತದೆ. ಇಲ್ಲದಿದ್ದರೆ ಕೂತು ಬರೆಯಬೇಕಾಗುತ್ತದೆ. ಓಟದ ಗಾಡಿಯಾಗಿದ್ದರಂತೂ ಅದಿಲ್ಲದೆ ಅದು ಬರೀ ತಗಡು. ಆರ್‌ಟಿಓ ಕಚೇರಿಯ ಎದುರು ಮೇಜು ಹಾಕಿಕೊಂಡು ಜನರ ಅರ್ಜಿ ತುಂಬಿಕೊಟ್ಟು ಬದುಕಿದವನು ನಾನು. ಗಾಡಿಗಿಂತ ಕಾಗದವನ್ನೇ ಹೆಚ್ಚು ನೋಡಿದ್ದೇನೆ. ಅದಕ್ಕೇ ಈ ಮಾತು.

ಓಟದ ಗಾಡಿ ನಮ್ಮ ಎರೆಸೀಮೆಗೆ ಎಲ್ಲಿಂದ ಬಂತು ಕಾಕಾ ಎಂದು ನಗಬೇಡ. ಫೆರಾರಿ ನಮ್ಮಲ್ಲಿಗೆ ಬಂದಿಲ್ಲ, ನಿಜ. ಆದರೆ ಕನ್ನಡ ನಾಡಿನಲ್ಲೇ ಹುಟ್ಟಿದ, ಓಡಿ ಗೆದ್ದ ಒಂದು ಕಾರಿದೆ. ಬೆಂಗಳೂರಿನ ಸಿಪಾನಿಯವರು ಮೊದಲು ಬಾದಲ್ ಎಂಬ ಮೂರು ಗಾಲಿಯ ವಿಚಿತ್ರ ಕಾರು ಮಾಡಿದ್ದರು. ಆಮೇಲೆ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಪುಟ್ಟ ಕಾರಿನ ಮಾದರಿ ತಂದು 1982ರ ಸುಮಾರಿಗೆ ಡಾಲ್ಫಿನ್ ಹೊರತಂದರು. ಎರಡೇ ಬಾಗಿಲು, ಫೈಬರ್ ಗ್ಲಾಸಿನ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಗಾಲಿಗೆ ಎಳೆತ. ಆಗ ದೇಶದಲ್ಲಿ ಓಡುತ್ತಿದ್ದ ಅಂಬಾಸಿಡರ್, ಪದ್ಮಿನಿಗಳ ಭಾರ ನೆನೆಸಿಕೋ. ಅವುಗಳ ಪಕ್ಕದಲ್ಲಿ ಇದು ಹತ್ತಿಯಷ್ಟು ಹಗುರ. ಮನೆಮಂದಿಗೆ ಅದು ಅಷ್ಟಾಗಿ ಒಗ್ಗಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕೇಳುವವರೂ ಕಡಿಮೆಯಾದರು. ಆದರೆ ರ‍್ಯಾಲಿ ಹುಡುಗರು ಬಿಡಲಿಲ್ಲ. ಕಾಡುದಾರಿಯ ರ‍್ಯಾಲಿಯಲ್ಲಿ, ಮದ್ರಾಸಿನ ಹೊರಗಿನ ಶೋಳವರಂ ವಿಮಾನಪಟ್ಟಿಯ ಮೇಲಿನ ಓಟಗಳಲ್ಲಿ ಅದು ತನಗಿಂತ ದೊಡ್ಡ ಗಾಡಿಗಳನ್ನು ಹಿಂದೆ ಹಾಕಿತು. ಅದೇ ಶೋಳವರಂನಲ್ಲಿ ಆ ದಶಕದಲ್ಲಿ ವಿಜಯ್ ಮಲ್ಯ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನೇ ಓಡಿಸಿದ್ದರು. ಪತ್ರಿಕೆಯವರ ಕ್ಯಾಮೆರಾ ಆ ಕಡೆಗಿತ್ತು. ಡಾಲ್ಫಿನ್ ಓಡಿಸಿದವರು ಓಟ ಮುಗಿಸಿ ಅದೇ ಕಾರಿನಲ್ಲಿ ಊರಿಗೆ ಬರುವಂಥ ಜನ.

ಓಡಿ ದಣಿದ ಕಾರು ಏನಾಗುತ್ತದೆ? ಮಾರುತ್ತಾರೆ. ಕೊಂಡವನು ಚಾಲಕನ ರಕ್ಷಣೆಗೆ ಒಳಗೆ ಹಾಕಿದ ಪೈಪು ಕತ್ತರಿಸಿ ಸೀಟು ಹಾಕಿಸುತ್ತಾನೆ, ಬೇರೆ ಬಣ್ಣ ಬಳಿಸುತ್ತಾನೆ. ಅವನಿಂದ ಹುಬ್ಬಳ್ಳಿಯ ಒಬ್ಬ ವ್ಯಾಪಾರಿಗೆ, ಅಲ್ಲಿಂದ ಕುಂದಗೋಳದ ಅಳಿಯನಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಫೈಬರ್ ಮೈ ತುಕ್ಕು ಹಿಡಿಯುವುದಿಲ್ಲ, ಗುಜರಿಯವನು ತೂಕಕ್ಕೆ ಕೊಳ್ಳುವುದೂ ಇಲ್ಲ. ಹಾಗಾಗಿ ಎಲ್ಲೋ ಕೋಳಿ ಕೂಡುವ ಗೂಡಾಗಿಯಾದರೂ ಉಳಿದಿರುತ್ತದೆ. ಅಂಥದು ನಿನಗೆ ಸಿಕ್ಕಿತೆನ್ನು. ಅದು ಬರೀ ಡಾಲ್ಫಿನ್ನೋ, ಓಡಿದ ಡಾಲ್ಫಿನ್ನೋ ಹೇಗೆ ಹೇಳುತ್ತೀ?

ಇಲ್ಲಿ ಒಂದು ಇಂಗ್ಲಿಷ್ ಖಟ್ಲೆಯ ಕತೆ ಹೇಳಬೇಕು. ಬೆಂಟ್ಲಿ ಕಂಪನಿಯ ಸ್ಪೀಡ್ ಸಿಕ್ಸ್ ಎಂಬ ಕಾರು, ಅಡ್ಡಹೆಸರು ಓಲ್ಡ್ ನಂಬರ್ ಒನ್. ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆ ಓಡುವ ಪಂದ್ಯವನ್ನು ಅದು 1929ರಲ್ಲೂ 1930ರಲ್ಲೂ ಗೆದ್ದಿತು. ಎರಡೂ ಸಲ ಚಾಲಕರಲ್ಲಿ ಒಬ್ಬ ವುಲ್ಫ್ ಬರ್ನಾಟೊ. 1932ರಲ್ಲಿ ದೊಡ್ಡ ಎಂಜಿನ್ ಕೂರಿಸಿಕೊಂಡು ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಓಡುವಾಗ ದಿಬ್ಬ ಹಾರಿ ಬಿದ್ದು ಚಾಲಕ ಕ್ಲೈವ್ ಡನ್‌ಫಿ ಸತ್ತ. ಮುರಿದ ಕಾರನ್ನು ಮತ್ತೆ ಕಟ್ಟಿದರು, ಮತ್ತೆ ಬದಲಿಸಿದರು. 1990ರಲ್ಲಿ ಅದನ್ನು ಸುಮಾರು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ಆ ಕಾರೇ ಅಲ್ಲ, ಭಾಗಗಳೆಲ್ಲ ಬೇರೆ ಎಂದು ಹಿಂದೆ ಸರಿದರು. ಮಾರುವವನು ಲಂಡನ್ನಿನ ಹೈಕೋರ್ಟಿಗೆ ಹೋದ. ನ್ಯಾಯಮೂರ್ತಿ ಆಟನ್ ಒಂದೊಂದು ಭಾಗದ ಲೆಕ್ಕ ಕೇಳಿದರು. 1929ರ ಕಾರಿನದು ಎಂದು ಗಟ್ಟಿಯಾಗಿ ಹೇಳಬಹುದಾದ್ದು ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. 1930ರ ಕಾರಿನದು ಗೇರ್‌ಬಾಕ್ಸಿನ ಹೊರಗವಸು, ಸ್ಟೀರಿಂಗಿನ ಕಂಬದಂಥ ಕೆಲವೇ ಸಾಮಾನು. ಆದರೂ ತೀರ್ಪು ಮಾರುವವನ ಪರ ಬಂತು. ಏಕೆಂದರೆ ಆ ಕಾರು ಎಂದೂ ಕಣ್ಮರೆಯಾಗಿರಲಿಲ್ಲ. ಒಂದು ಭಾಗ ಹೋಗಿ ಇನ್ನೊಂದು ಬಂದದ್ದು ಯಾವಾಗ, ಯಾರ ಕೈಯಲ್ಲಿ, ಯಾವ ಗ್ಯಾರೇಜಿನಲ್ಲಿ ಎಂಬುದಕ್ಕೆ ಸರಪಳಿ ಕಡಿಯದ ದಾಖಲೆ ಇತ್ತು. ಆ ಹೆಸರನ್ನು ಹೊರುವ ಬೇರೆ ಕಾರು ಲೋಕದಲ್ಲಿ ಇರಲಿಲ್ಲ.

ಕಬ್ಬಿಣ ಹೋಯಿತು, ಕಾಗದ ಗೆದ್ದಿತು. ನೀನು ಇದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಕಾಗದದ ಬೆಲೆ ಎಷ್ಟೆಂದು ನೋಡು. 1962ರಿಂದ 64ರವರೆಗೆ ಮಾಡಿದ ಫೆರಾರಿ 250 ಜಿಟಿಓ ಸಾಮಾನ್ಯ ಎಣಿಕೆಯಲ್ಲಿ 36. ಪ್ರತಿಯೊಂದರ ಚಾಸಿ ನಂಬರು, ಮೊದಲ ಮಾಲೀಕನಿಂದ ಇಂದಿನವನವರೆಗಿನ ಹೆಸರು ಬರೆದಿಟ್ಟವರಿದ್ದಾರೆ. 3413 ನಂಬರಿನದು 2018ರ ಆಗಸ್ಟಿನಲ್ಲಿ ಅಮೆರಿಕದ ಮಾಂಟೆರೇ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಆ ದುಡ್ಡು ತಗಡಿಗೆ ಕೊಟ್ಟದ್ದಲ್ಲ. ಡಾಲ್ಫಿನ್ನಿಗೆ ಅಂಥ ಪಟ್ಟಿ ಬರೆಯಬೇಕಾದವರು ನೀವು.

ಹುಡುಕುವುದು ಹೇಗೆಂದರೆ, ಮೊದಲು ಗಾಡಿಯನ್ನೇ ಕೇಳು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆ. ಎಂಜಿನ್ ನಂಬರಿನದೂ ತೆಗೆ. ಆರ್‌ಸಿ ಬುಕ್ಕಿನ ನಂಬರಿಗೆ ಅಕ್ಷರ ಅಕ್ಷರ ತಾಳೆ ಹಾಕು. ಬಣ್ಣ ಕೆರೆಯುವುದಕ್ಕೆ ಮುಂಚೆ ಬಾಗಿಲಿನ ಮೇಲೆ ಒಂದು ಮೂಲೆಯಲ್ಲಿ ನೀರುಕಾಗದದಿಂದ ಸಾವಕಾಶ ತಿಕ್ಕಿ ನೋಡು. ಪದರದ ಕೆಳಗೆ ಓಟದ ನಂಬರು ಕಂಡೀತು. ನೆಲದಲ್ಲಿ ಪೈಪು ಕೂರಿಸಿದ ಗುರುತು, ಬೆಲ್ಟಿಗೆ ಕೊರೆದ ತೂತು, ಫೈಬರ್ ಒಡೆದಲ್ಲಿ ಒಳಗಿನಿಂದ ಹಚ್ಚಿದ ತೇಪೆ, ಎಲ್ಲದರ ಫೋಟೋ ತೆಗೆ. ಇವನ್ನು ಅಳಿಸಿ ಹೊಸದಾಗಿ ಹೊಳೆಯುವಂತೆ ಮಾಡುವ ಮಿಸ್ತ್ರಿಗೆ ಗಾಡಿ ಕೊಡಬೇಡ.

ಆಮೇಲೆ ಕಚೇರಿ. ನಂಬರು ನೋಡಿದರೆ ಗಾಡಿಯ ವಯಸ್ಸು ಸ್ವಲ್ಪ ತಿಳಿಯುತ್ತದೆ. 1988ರ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈ 1ರಂದು. ಕೆಎ ಎಂಬ ನಂಬರು ಅಲ್ಲಿಂದೀಚೆಗಿನದು. ಎಂಇ, ಸಿಎ ಎಂದು ಶುರುವಾಗುವ ನಂಬರು ಇದ್ದರೆ ಅದಕ್ಕಿಂತ ಹಳೆಯದು. ಧಾರವಾಡಕ್ಕೆ ಕೆಎ 25, ಗದಗಕ್ಕೆ 26, ಹಾವೇರಿಗೆ 27, ಆಮೇಲೆ ಹುಬ್ಬಳ್ಳಿಗೆ ಬೇರೆ 63 ಬಂತು. ಆದರೆ 1997ರವರೆಗೆ ಗದಗ, ಹಾವೇರಿ ಕೂಡ ಧಾರವಾಡ ಜಿಲ್ಲೆಯೇ ಎಂಬುದನ್ನು ನಿನ್ನ ವಯಸ್ಸಿನವರು ಮರೆತುಬಿಡುತ್ತೀರಿ. ಇನ್ನೂ ಹಿಂದಕ್ಕೆ ಹೋದರೆ 1956ರ ನವೆಂಬರ್ 1ರವರೆಗೆ ನಾವು ಮುಂಬೈ ಆಡಳಿತದವರು. ಕುಂದಗೋಳವಂತೂ ಸ್ವಾತಂತ್ರ್ಯ ಬಂದ ಮೇಲೆ ವಿಲೀನವಾಗುವವರೆಗೆ ಜಮಖಂಡಿ ಸಂಸ್ಥಾನದ್ದು. ಒಂದೇ ಊರಿನ ಗಾಡಿಯ ಕಾಗದ ನಾಲ್ಕು ದಿಕ್ಕಿಗೆ ಇರಬಹುದು. ಗಣಕದಲ್ಲಿ ಇಲ್ಲವೆಂದ ಕೂಡಲೇ ಎದ್ದು ಬರಬೇಡ. ಹಳೇ ಇನ್ಶೂರೆನ್ಸ್ ಪಾಲಿಸಿ, ತೆರಿಗೆ ರಶೀದಿ, ಸಾಲದ ಕಂಪನಿಯ ಎನ್‌ಓಸಿ ಯಾರದೋ ಟ್ರಂಕಿನ ತಳದಲ್ಲಿ ಕೂತಿರುತ್ತವೆ. ಓಟದ ವಿಷಯಕ್ಕೆ ಬಂದರೆ ಆಯಾ ಕ್ಲಬ್ಬುಗಳ ಕಾರ್ಯಕ್ರಮ ಪುಸ್ತಿಕೆ, ಫಲಿತಾಂಶದ ಹಾಳೆ ನೋಡಬೇಕು. ಶೋಳವರಂ ಓಟ ನಡೆಸಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಿಂದ ಇದೆ.

ಎಲ್ಲಕ್ಕಿಂತ ದೊಡ್ಡ ದಾಖಲೆ ಮನುಷ್ಯರ ತಲೆಯಲ್ಲಿದೆ. ಅವರ ಹತ್ತಿರ ಹೋಗುವಾಗ ರೇಟಿನ ಮಾತು ಎತ್ತಬೇಡ. ಹಾದಿಯಲ್ಲೇ "ಎಷ್ಟಕ್ಕ ಕೊಡ್ತೀರಿ?" ಎಂದೆಯೋ, ಆಮೇಲೆ ನೀನು ಕೇಳುವ ಕತೆಯೆಲ್ಲ ರೇಟು ಏರಿಸುವ ಕತೆ. ಚಾ ಕುಡಿ, ಮಳೆ ಬೆಳೆ ಮಾತಾಡು. ಇಸವಿ ಯಾರಿಗೂ ನೆನಪಿರುವುದಿಲ್ಲ. ಡಾಲ್ಫಿನ್ನಿಗಿಂತ ಹಳೇ ಗಾಡಿಯಾದರೆ "ಎಪ್ಪತ್ತೆರಡರ ಬರಕ್ಕ ಮೊದಲೋ ನಂತರೋ?", "ನವಲಗುಂದದ ರೈತರ ಗಲಾಟೆ ಆದಾಗ ಗಾಡಿ ಇತ್ತೇನ್ರಿ?" ಎಂದು ಕೇಳು. ಆ ಗಲಾಟೆ 1980ರ ಜುಲೈ. ಇಂದಿರಾ ಗಾಂಧಿ ಸತ್ತದ್ದು 1984ರ ಅಕ್ಟೋಬರ್. ಹೀಗೆ ಗೂಟ ನೆಟ್ಟು ನಡುವೆ ಅಳೆಯಬೇಕು. ಇನ್ನೊಂದು ಗುಟ್ಟು: ಗಂಡಸರು ಎಂಜಿನ್ನಿನ ಮಾತು ಆಡುತ್ತಾರೆ, ಹೆಂಗಸರು ಕಾರಿನಲ್ಲಿ ಯಾರು ಕೂತಿದ್ದರು ಎಂದು ಹೇಳುತ್ತಾರೆ. ಯಾವ ಸೊಸೆ ಆ ಕಾರಿನಲ್ಲಿ ಮನೆ ತುಂಬಿದಳು, ಯಾರ ಬಾಣಂತನಕ್ಕೆ ಕಲಘಟಗಿಯ ತೊಟ್ಟಿಲು ಅದರ ತಲೆಯ ಮೇಲೆ ಕಟ್ಟಿಕೊಂಡು ಬಂದರು ಎಂಬುದು ಅಜ್ಜಿಗೆ ಗೊತ್ತು. ಆ ಮದುವೆಯ ಆಲ್ಬಂ ತೆಗೆಸಿದರೆ ಕಾರಿನ ನಂಬರು ಸಮೇತ ಫೋಟೋ ಇರುತ್ತದೆ, ಲಗ್ನಪತ್ರಿಕೆಯಲ್ಲಿ ತಾರೀಖು ಇರುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಕಚೇರಿಯಲ್ಲೂ ಸಿಗಲಿಕ್ಕಿಲ್ಲ.

ಈಗ ಕಾನೂನಿನ ಮಾತು. ಕಿವಿಗೆ ಕಹಿಯಾದರೂ ಕೇಳು. ಛಾಪಾ ಕಾಗದದ ಮೇಲೆ ಸಹಿ ಮಾಡಿಸಿಕೊಂಡು ಗಾಡಿ ತಂದು, ಹೆಸರು ಬದಲಿಸದೆ ಓಡಿಸುವ ಚಟ ನಮ್ಮ ಕಡೆ ಬಹಳ. ಮಾರಿದವನು ಫಾರಂ 29, ಕೊಂಡವನು ಫಾರಂ 30 ಕೊಡಬೇಕು. ರಾಜ್ಯದೊಳಗೆ ಮಾರಿದವನಿಗೆ 14 ದಿನ, ಕೊಂಡವನಿಗೆ 30 ದಿನದ ಗಡುವು. ಮಾಲೀಕ ತೀರಿಕೊಂಡಿದ್ದರೆ ವಾರಸುದಾರ ಫಾರಂ 31. ಇದನ್ನು ಮಾಡದೆ ನಾಲ್ಕು ಕೈ ದಾಟಿದ ಒಂದು ಕಾರು 2009ರಲ್ಲಿ ಅಪಘಾತ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ, ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವನದೇ ಎಂದು ಹೇಳಿತು. ಎಂದೋ ಮಾರಿ ಮರೆತವನ ತಲೆಗೆ ಬಂತು. ನೀನು ಮಾರುವಾಗಲೂ ಕೊಳ್ಳುವಾಗಲೂ ಇದನ್ನು ನೆನೆ.

ಚಾಸಿ ನಂಬರು ಉಜ್ಜಿ ಬೇರೆ ಗಾಡಿಯ ನಂಬರು ಕೆತ್ತಿಕೊಡುವವರು ಸಿಗುತ್ತಾರೆ. ಅದು ಅಪರಾಧ, ಅವರ ಅಂಗಡಿಯ ಮೆಟ್ಟಿಲು ಹತ್ತಬೇಡ. ಕದ್ದ ಗಾಡಿಯನ್ನೂ ಮುಟ್ಟಬೇಡ. ಅಮೆರಿಕದ ಒಹಾಯೊದಲ್ಲಿ ಒಬ್ಬನ ಜಾಗದಲ್ಲಿ ಬಿದ್ದುಕೊಂಡಿದ್ದ ಫೆರಾರಿ 375 ಪ್ಲಸ್ ಓಟದ ಕಾರನ್ನು 1980ರ ದಶಕದಲ್ಲಿ ಕದ್ದು ಯುರೋಪಿಗೆ ಸಾಗಿಸಿದರು. ಅಲ್ಲಿ ಅದನ್ನು ಚೆಂದ ಮಾಡಿ ನಿಲ್ಲಿಸಿದರು. ಆದರೆ ಮೂಲ ಮಾಲೀಕನ ಮನೆಯವರ ತಕರಾರು ಕಾಲು ಶತಮಾನ ಬಿಡಲಿಲ್ಲ. ರಾಜಿಯಾದ ಮೇಲೆ 2014ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಒಂದು ಕೋಟಿ ಪೌಂಡಿಗೂ ಮಿಕ್ಕಿ ಹರಾಜಾಯಿತು, ಹರಾಜಾದ ಮೇಲೂ ಕೋರ್ಟು ಮುಗಿಯಲಿಲ್ಲ. ಅಂಥ ಗಾಡಿ ಮನೆಯಲ್ಲಿದ್ದರೆ ನಿದ್ದೆ ಬಂದೀತೇ?

ಸರಪಳಿಯಲ್ಲಿ ಕೊಂಡಿ ತಪ್ಪಿದ ಕಡೆ ತಪ್ಪಿದೆ ಎಂದೇ ಬರೆ. 1986ರಿಂದ 1991ರವರೆಗೆ ಯಾರ ಹತ್ತಿರ ಇತ್ತೋ ತಿಳಿಯಲಿಲ್ಲ ಎಂದು ಒಂದು ಸಾಲು ಬರೆದರೆ ಓದುವವನು ಉಳಿದ ಸಾಲುಗಳನ್ನು ನಂಬುತ್ತಾನೆ. ಆ ಜಾಗಕ್ಕೆ ಒಬ್ಬ ಪ್ರಸಿದ್ಧ ಚಾಲಕನ ಹೆಸರು ತುರುಕಿದರೆ ನಾಳೆ ಅವನ ಮಗ ಬಂದು ಇಲ್ಲವೆನ್ನುತ್ತಾನೆ. ಆಗ ನಿಜವಿದ್ದ ಸಾಲೂ ಸುಳ್ಳಾಗುತ್ತದೆ. ನಮ್ಮಲ್ಲಿ ಪ್ರತಿ ಹಳೇ ಕಾರೂ ಯಾವುದೋ ರಾಜನದೇ ಆಗಿರುತ್ತದೆ, ಕೇಳಿ ಕೇಳಿ ಸಾಕಾಗಿದೆ. ಗೋವಿನಜೋಳದ ವ್ಯಾಪಾರಿಯ ಕಾರಾಗಿದ್ದರೆ ಏನು ಕಡಿಮೆ? ಹಾಗೆಂದೇ ಬರೆ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೇ ಗಾಡಿಗಳಿಗೆಂದೇ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ಎಂದು ವಿಎ ಅಕ್ಷರಗಳ ಬೇರೆ ನಂಬರು ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ, ಮರುನೋಂದಣಿಗೆ 5,000. ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಅದರ ಅರ್ಜಿಗೂ ಕಾಗದ ಬೇಕೇ ಬೇಕು. ಮೊದಲ ಡಾಲ್ಫಿನ್ನುಗಳಿಗೆ 50 ತುಂಬುವುದು 2032ರ ಸುಮಾರಿಗೆ. ಅವುಗಳನ್ನು ಓಡಿಸಿದವರು, ಬಿಚ್ಚಿ ಕಟ್ಟಿದ ಮಿಸ್ತ್ರಿಗಳು ಈಗಲೇ ಎಪ್ಪತ್ತರ ಆಚೀಚೆ ಇದ್ದಾರೆ. ಗಾಡಿ ಇನ್ನೂ ಹತ್ತು ವರ್ಷ ಗೋದಾಮಿನಲ್ಲಿ ನಿಂತರೂ ಪರವಾಗಿಲ್ಲ ತಮ್ಮಾ. ನೀನು ಈ ಸುಗ್ಗಿ ಮುಗಿದ ಕೂಡಲೇ ಒಂದು ನೂರು ಹಾಳೆಯ ನೋಟುಬುಕ್ಕು ತೊಗೊಂಡು ಆ ಹಿರಿಯರ ಮನೆಗೆ ಹೋಗು.